ಬಲೆಗೆ ಬೀಳದ ಮೀನು: ಗಮನ ಕೊರತೆಯ ಇತಿಹಾಸದಲ್ಲಿ ಹಿರಿಯ ಮಹಿಳೆ

1902ರ ಮಾರ್ಚ್ ತಿಂಗಳಿನಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ ಸಂಸ್ಥೆಯಲ್ಲಿ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಮೂರು ಉಪನ್ಯಾಸಗಳನ್ನು ನೀಡಿದರು. ತಕ್ಷಣದ ಆಸೆಯನ್ನು ತಡೆದುಕೊಳ್ಳಲಾರದ, ಹೇಳಿದ ಕೆಲಸದಲ್ಲಿ ಮನಸ್ಸು ನಿಲ್ಲಿಸಲಾರದ 43 ಮಕ್ಕಳನ್ನು ಅವರು ಗಮನಿಸಿದ್ದರು. ಅವರಲ್ಲಿ ಬುದ್ಧಿಶಕ್ತಿಯ ಕೊರತೆ ಕಾಣದ 20 ಮಕ್ಕಳ ವಿವರಗಳನ್ನು ಪ್ರತ್ಯೇಕವಾಗಿ ಕೊಟ್ಟರು. 15 ಹುಡುಗರು, 5 ಹುಡುಗಿಯರು. ಈ ವ್ಯತ್ಯಾಸ ಕೇವಲ ಆಕಸ್ಮಿಕವಾಗಿರಲಾರದು ಎಂದೂ ಸ್ಟಿಲ್ ಸೂಚಿಸಿದರು. ವೈದ್ಯಕೀಯ ಇತಿಹಾಸದಲ್ಲಿ ಈ ಉಪನ್ಯಾಸಗಳನ್ನು ಇಂದಿನ ಎಡಿಎಚ್‌ಡಿಯ ಆರಂಭಬಿಂದು ಎಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಆ 15 ಹುಡುಗರ ಮಾದರಿಯನ್ನು ಮುಂದಿನ ಮುಕ್ಕಾಲು ಶತಮಾನ ಪಠ್ಯಪುಸ್ತಕಗಳು ಪೋಷಿಸಿಕೊಂಡು ಬಂದವು. ಉಳಿದ ಐವರು ದೊಡ್ಡವರಾಗಿ, ಸಂಸಾರ ಹೂಡಿ, ಅಜ್ಜಿಯರಾದ ಮೇಲೆ ಅವರ ಮನಸ್ಸು ಹೇಗಿತ್ತು ಎಂದು ಕೇಳುವ ಅಗತ್ಯ ಯಾರಿಗೂ ಕಂಡುಬರಲಿಲ್ಲ.

ಗಮನ ಕೊರತೆ ಮತ್ತು ಅತಿಚಟುವಟಿಕೆಯ ನ್ಯೂನತೆ ಎಂಬುದು ಎಡಿಎಚ್‌ಡಿಯ ಪೂರ್ಣ ಹೆಸರು. ಹೆಸರೇ ಸ್ವಲ್ಪ ದಾರಿ ತಪ್ಪಿಸುವಂಥದ್ದು. ಈ ನ್ಯೂನತೆ ಉಳ್ಳವರಲ್ಲಿ ಗಮನ ಇಲ್ಲವೆಂದಲ್ಲ. ಅದನ್ನು ಬೇಕಾದ ಕಡೆಗೆ, ಬೇಕಾದ ಹೊತ್ತಿಗೆ, ಬೇಕಾದಷ್ಟು ಕಾಲ ಹಿಡಿದು ನಿಲ್ಲಿಸುವ ನಿಯಂತ್ರಣ ದುರ್ಬಲವಾಗಿರುತ್ತದೆ. ಮನಸ್ಸಿಗೆ ಹಿಡಿಸಿದ ಕೆಲಸದಲ್ಲಿ ಊಟ ಮರೆತು ಮುಳುಗುವವರು ಅವರೇ, ಕರೆಂಟ್ ಬಿಲ್ಲು ಕಟ್ಟಲು ಮೂರು ಸಲ ಮರೆಯುವವರೂ ಅವರೇ. ನಮ್ಮ ಧಾರವಾಡ ಸೀಮೆಯ ಆಡುಮಾತಿನಲ್ಲಿ ಇದಕ್ಕೊಂದು ಒಳ್ಳೆಯ ಪದವಿದೆ: ಧ್ಯಾಸ. ನೆನಪು ಮತ್ತು ಲಕ್ಷ್ಯ ಎರಡನ್ನೂ ಒಟ್ಟಿಗೆ ಹೇಳುವ ಪದ ಅದು. "ಆಕಿಗೆ ಧ್ಯಾಸನ ಇಲ್ಲ" ಎಂಬ ಮಾತನ್ನು ಹಳಿಯಾಳ, ಮುಂಡಗೋಡದ ಕಡೆ ಎಷ್ಟೋ ಹೆಣ್ಣುಮಕ್ಕಳು ಹುಟ್ಟಿದಾಗಿನಿಂದ ಕೇಳಿಸಿಕೊಂಡೇ ಮುದುಕಿಯರಾಗಿದ್ದಾರೆ.

ಉತ್ತರ ಕನ್ನಡದ ಘಟ್ಟದ ಮೇಲಿನ ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ವಿಜ್ಞಾನದ ಉಪನ್ಯಾಸಗಳಿಗೆ ಹೋದಾಗ ನಾನು ಬೆಳಕು, ನಕ್ಷತ್ರ, ಪರಮಾಣುಗಳ ಬಗ್ಗೆ ಮಾತಾಡುತ್ತೇನೆ. ಸಭೆ ಮುಗಿದ ಮೇಲೆ ಹಿರಿಯ ಮಹಿಳೆಯರು ಬಂದು ಕೇಳುವುದು ಮಾತ್ರ ಮರೆವಿನ ಬಗ್ಗೆ. ಇದು ವಯಸ್ಸಿನದೋ, ಕಾಯಿಲೆಯೋ, ತನ್ನ ಸ್ವಭಾವವೋ? ಈ ಪ್ರಶ್ನೆಗೆ ಉತ್ತರಿಸಬೇಕಾದವರು ವೈದ್ಯರು. ಆದರೆ ಈ ಮೂರನೆಯ ಸಾಧ್ಯತೆಗೆ, ಅಂದರೆ ಬಾಲ್ಯದಿಂದ ಬಂದ ಗಮನ ಕೊರತೆಗೆ, ವೈದ್ಯರ ಯಾದಿಯಲ್ಲಿ ಸ್ಥಾನ ಸಿಗುವುದು ಇಷ್ಟು ತಡವಾದದ್ದೇಕೆ ಎಂಬುದು ಇತಿಹಾಸದ ಪ್ರಶ್ನೆ. ಅದರೊಳಗೆ ಮಾಪನದ ಪ್ರಶ್ನೆಯೂ ಅಡಗಿದೆ. ಮಾಪನದ ವಿಷಯದಲ್ಲಿ ಭೌತವಿಜ್ಞಾನದ ಅಧ್ಯಾಪಕಿಗೆ ನಾಲ್ಕು ಮಾತು ಹೇಳುವ ಅಧಿಕಾರವಿದೆ ಎಂದುಕೊಂಡಿದ್ದೇನೆ.

ಸ್ಟಿಲ್‌ಗೂ ಮುನ್ನ

ಜರ್ಮನಿಯ ವೈದ್ಯ ಮೆಲ್ಕಿಯೋರ್ ಆಡಮ್ ವೈಕಾರ್ಡ್ 1775ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಗ್ರಂಥದಲ್ಲಿ ಗಮನದ ಕೊರತೆಯನ್ನು ಒಂದು ರೋಗವಾಗಿ ವರ್ಣಿಸಿದ್ದರು. ತಣ್ಣೀರಿನ ಸ್ನಾನ, ಕುದುರೆ ಸವಾರಿ ಮುಂತಾದವು ಅವರ ಚಿಕಿತ್ಸೆಗಳಲ್ಲಿದ್ದವು. 1798ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಗಮನದ ಬಗ್ಗೆ ಒಂದು ಇಡೀ ಅಧ್ಯಾಯವನ್ನೇ ಬರೆದರು. ಯಾವುದೇ ಒಂದು ವಸ್ತುವಿನಲ್ಲಿ ಮನಸ್ಸು ನೆಲೆ ನಿಲ್ಲದ ಸ್ಥಿತಿ ಹುಟ್ಟಿನಿಂದಲೇ ಬಂದಿರಬಹುದು, ಶಾಲೆಯಲ್ಲಿ ಅದು ಬೇಗ ಎದ್ದು ಕಾಣುತ್ತದೆ ಎಂದು ಗುರುತಿಸಿದ ಕ್ರೈಟನ್, ಅದೃಷ್ಟವಶಾತ್ ವಯಸ್ಸಾದಂತೆ ಅದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ ಎಂದೂ ಸೇರಿಸಿದರು. ಈ ಕೊನೆಯ ಮಾತು ಗಮನಾರ್ಹ. ಸುಮಾರು ಇನ್ನೂರು ವರ್ಷಗಳ ಕಾಲ ವೈದ್ಯರು ಇದನ್ನು ಪರೀಕ್ಷೆಗೆ ಒಡ್ಡದೆ ಒಪ್ಪಿಕೊಂಡರು.

ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಷ್ ಹಾಫ್‌ಮನ್ 1840ರ ದಶಕದಲ್ಲಿ ಮಕ್ಕಳಿಗಾಗಿ ಬರೆದ ಸಚಿತ್ರ ಪುಸ್ತಕ ಈ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಊಟದ ಮೇಜಿನ ಬಳಿ ಸುಮ್ಮನೆ ಕೂರಲಾರದೆ ಮೇಜುಬಟ್ಟೆ ಸಮೇತ ಎಲ್ಲವನ್ನೂ ಕೆಡವುವ ಫಿಲಿಪ್, ಆಕಾಶ ನೋಡುತ್ತ ನಡೆದು ನೀರಿಗೆ ಬೀಳುವ ಹಾನ್ಸ್, ಇಬ್ಬರೂ ಈ ನ್ಯೂನತೆಯ ಚಿತ್ರಗಳೆಂದು ಪ್ರಸಿದ್ಧರಾಗಿದ್ದಾರೆ. ಅದೇ ಪುಸ್ತಕದಲ್ಲಿ ಬೇಡವೆಂದರೂ ಬೆಂಕಿಕಡ್ಡಿ ಗೀರಿ ಸುಟ್ಟುಹೋಗುವ ಪೌಲೀನ್ ಎಂಬ ಹುಡುಗಿಯೂ ಇದ್ದಾಳೆ. ಆಕೆಯನ್ನು ಯಾರೂ ಲಕ್ಷಣದ ಪಟ್ಟಿಗೆ ಸೇರಿಸಲಿಲ್ಲ. ಆಕೆ ಮಾತು ಕೇಳದ ಹುಡುಗಿ, ಅಷ್ಟೇ.

ರೀಟಾ ಹೆಸರಿನ ಮಾತ್ರೆ

1937ರಲ್ಲಿ ಅಮೆರಿಕದ ರೋಡ್ ಐಲೆಂಡಿನ ಮಕ್ಕಳ ಚಿಕಿತ್ಸಾಲಯವೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕವನ್ನು ಕೊಟ್ಟು ನೋಡಿದರು. ಅವರಿಗೆ ಬೇಕಾಗಿದ್ದುದು ಮಿದುಳಿನ ಎಕ್ಸ್-ಕಿರಣ ಪರೀಕ್ಷೆಯ ನಂತರ ಬರುವ ತಲೆನೋವಿಗೆ ಪರಿಹಾರ. ತಲೆನೋವಿಗೆ ಹೆಚ್ಚೇನೂ ಉಪಯೋಗವಾಗಲಿಲ್ಲ. ಆದರೆ ಸುಮಾರು ಅರ್ಧದಷ್ಟು ಮಕ್ಕಳು ಶಾಲೆಯ ಪಾಠದಲ್ಲಿ ಹಿಂದೆಂದೂ ಕಾಣದ ಆಸಕ್ತಿ ತೋರಿದರು. ಉತ್ತೇಜಕ ಕೊಟ್ಟರೆ ಚಂಚಲ ಮಗು ಇನ್ನಷ್ಟು ಚಂಚಲವಾಗಬೇಕಲ್ಲವೆ? ಹಾಗಾಗಲಿಲ್ಲ.

1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನವಿಜ್ಞಾನಿ ಲಿಯಾಂಡ್ರೊ ಪ್ಯಾನಿಜೋನ್ ಮೀಥೈಲ್‌ಫೆನಿಡೇಟ್ ಎಂಬ ಸಂಯುಕ್ತವನ್ನು ತಯಾರಿಸಿದರು. ಅವರ ಪತ್ನಿ ಮಾರ್ಗರೀಟ್ ಟೆನಿಸ್ ಆಡುವ ಮೊದಲು ಅದನ್ನು ಸೇವಿಸುತ್ತಿದ್ದರಂತೆ. ಆಕೆಯ ಮುದ್ದಿನ ಹೆಸರು ರೀಟಾ. ಮಾತ್ರೆ 1954ರಲ್ಲಿ ಪೇಟೆಗೆ ಬಂದಾಗ ರಿಟಾಲಿನ್ ಎಂಬ ಹೆಸರಾಯಿತು. ಒಬ್ಬ ವಯಸ್ಕ ಮಹಿಳೆಯ ಹೆಸರು ಹೊತ್ತ ಆ ಮಾತ್ರೆ ಮುಂದಿನ ದಶಕಗಳಲ್ಲಿ ಬಹುಪಾಲು ಶಾಲೆಗೆ ಹೋಗುವ ಹುಡುಗರ ಮಾತ್ರೆಯಾಗಿಹೋಯಿತು.

ಈ ಔಷಧಿಯ ಕ್ರಮವನ್ನು ನಮ್ಮ ರೇಡಿಯೊದ ಭಾಷೆಯಲ್ಲಿ ಹೇಳಬಹುದು. ಕೇಂದ್ರ ಸರಿಯಾಗಿ ಸಿಗದಾಗ ಹಾಡಿಗಿಂತ ಗೊರಗೊರ ಸದ್ದೇ ಹೆಚ್ಚು. ಮಿದುಳಿನ ಮುಂಭಾಗದ ಹಾಲೆಯಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಎರಡು ರಾಸಾಯನಿಕಗಳಿವೆ. ನಾರ್‌ಅಡ್ರಿನಲಿನ್ ಬೇಕಾದ ಸಂಕೇತವನ್ನು ಬಲಗೊಳಿಸುತ್ತದೆ, ಡೋಪಮೈನ್ ಬೇಡದ ಗದ್ದಲವನ್ನು ತಗ್ಗಿಸುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟನ್ ಇದರ ವಿವರಗಳನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಇವೆರಡೂ ಕಡಿಮೆಯಾದರೂ ತೊಂದರೆ, ಅತಿಯಾದರೂ ತೊಂದರೆ. ನಕ್ಷೆ ಬರೆದರೆ ತಲೆಕೆಳಗಾದ ಬಟ್ಟಲಿನ ಆಕಾರ ಬರುತ್ತದೆ. ಮೀಥೈಲ್‌ಫೆನಿಡೇಟ್ ಇವುಗಳ ಮರುಹೀರಿಕೆಯನ್ನು ತಡೆದು, ಹಿಂದೆ ಬಿದ್ದ ಮಿದುಳನ್ನು ಬಟ್ಟಲಿನ ನೆತ್ತಿಯ ಕಡೆಗೆ ತಳ್ಳುತ್ತದೆ.

'ಬಾಲ್ಯದ' ಎಂಬ ವಿಶೇಷಣ

ಅಮೆರಿಕದ ಮನೋವೈದ್ಯ ಸಂಘ ತನ್ನ ರೋಗನಿರ್ಣಯ ಕೈಪಿಡಿಯಲ್ಲಿ ಈ ಸ್ಥಿತಿಗೆ ಮೊದಲು ಸ್ಥಾನ ಕೊಟ್ಟದ್ದು 1968ರಲ್ಲಿ. ಹೆಸರು 'ಬಾಲ್ಯದ ಅತಿಚಲನೆಯ ಪ್ರತಿಕ್ರಿಯೆ'. ಹೆಸರಿನಲ್ಲೇ ಎರಡು ಗೋಡೆಗಳಿದ್ದವು. ಬಾಲ್ಯ ದಾಟಿದವರಿಗೆ ಇದು ಇಲ್ಲ. ಅತಿಯಾಗಿ ಓಡಾಡದವರಿಗೂ ಇಲ್ಲ. ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಕುಳಿತ ಹುಡುಗಿ ಎರಡನೆಯ ಗೋಡೆಯಾಚೆ ಉಳಿದಳು.

ಈ ಗೋಡೆಗೆ ಮೊದಲ ಕಿಂಡಿ ಕೊರೆದವರು ಒಬ್ಬ ಮಹಿಳೆ. ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ವರ್ಜೀನಿಯಾ ಡಗ್ಲಸ್ 1972ರ ಪ್ರಬಂಧದಲ್ಲಿ, ಈ ಮಕ್ಕಳ ಮೂಲ ಸಮಸ್ಯೆ ಓಡಾಟವಲ್ಲ, ಗಮನವನ್ನು ನಿಲ್ಲಿಸುವುದು ಮತ್ತು ಆವೇಗವನ್ನು ತಡೆಯುವುದು ಎಂದು ತೋರಿಸಿದರು. ಅದರ ಫಲವಾಗಿ 1980ರ ಕೈಪಿಡಿಯಲ್ಲಿ ಅತಿಚಟುವಟಿಕೆ ಇಲ್ಲದ ಗಮನ ಕೊರತೆ ಎಂಬ ವರ್ಗವೂ, ದೊಡ್ಡವರಲ್ಲಿ ಉಳಿದುಕೊಂಡ ರೂಪ ಎಂಬ ವರ್ಗವೂ ಬಂದವು. 1987ರ ಪರಿಷ್ಕರಣೆಯಲ್ಲಿ ಅತಿಚಟುವಟಿಕೆ ಮತ್ತೆ ಹೆಸರಿನೊಳಗೆ ಬಂತು, ಮೌನ ರೂಪ ಮೂಲೆಗೆ ಸರಿಯಿತು. 1994ರಲ್ಲಿ ಅದು ಮತ್ತೆ ಮರಳಿತು. ಏಳು ವರ್ಷದೊಳಗೆ ಲಕ್ಷಣ ತೊಡಕಾಗಿ ಕಂಡಿರಬೇಕು ಎಂಬ ನಿಯಮ ಮಾತ್ರ ಉಳಿದೇ ಇತ್ತು. 2013ರಲ್ಲಿ ಅದನ್ನು 12 ವರ್ಷಕ್ಕೆ ಏರಿಸಲಾಯಿತು. ವಯಸ್ಕರಿಗೆ ಆರರ ಬದಲು ಐದು ಲಕ್ಷಣಗಳು ಸಾಕು ಎಂದಾಯಿತು.

ವಯಸ್ಕರ ಕಡೆಗೆ ನೋಟ ತಿರುಗಿಸಿದವರಲ್ಲಿ ಯೂಟಾದ ಪಾಲ್ ವೆಂಡರ್ ಮತ್ತು ಸಂಗಡಿಗರು (1976) ಪ್ರಮುಖರು. 1990ರಲ್ಲಿ ಆಲನ್ ಜಮೆಟ್ಕಿನ್ ತಂಡ ಪಾಸಿಟ್ರಾನ್ ಉತ್ಸರ್ಜನ ಟೊಮೊಗ್ರಫಿ ಬಳಸಿ 25 ವಯಸ್ಕರ ಮಿದುಳನ್ನು ಪರಿಶೀಲಿಸಿತು. ವಿಕಿರಣಶೀಲ ಫ್ಲೋರಿನ್ ಸೇರಿಸಿದ ಗ್ಲೂಕೋಸ್ ಮಿದುಳಿನ ಯಾವ ಭಾಗದಲ್ಲಿ ಎಷ್ಟು ಬಳಕೆಯಾಗುತ್ತದೆ ಎಂಬುದನ್ನು, ಪಾಸಿಟ್ರಾನ್ ಮತ್ತು ಎಲೆಕ್ಟ್ರಾನ್ ಸೇರಿ ನಾಶವಾದಾಗ ಹೊಮ್ಮುವ ಗಾಮಾ ಕಿರಣಗಳ ಜೋಡಿಯಿಂದ ಅಳೆಯುವ ವಿಧಾನವದು. ಒಟ್ಟಾರೆ ಬಳಕೆ ಇತರರಿಗಿಂತ ಶೇಕಡಾ 8.1ರಷ್ಟು ಕಡಿಮೆಯಿತ್ತು. ಮುಂದಿನ ಅಧ್ಯಯನಗಳಲ್ಲಿ ಈ ಅಂಕಿ ಒಂದೇ ರೀತಿ ಪುನರಾವರ್ತನೆಯಾಗಲಿಲ್ಲ. ಇಂದಿಗೂ ಯಾವ ಸ್ಕ್ಯಾನಿನಿಂದಲೂ ಒಬ್ಬ ವ್ಯಕ್ತಿಯ ಎಡಿಎಚ್‌ಡಿಯನ್ನು ನಿರ್ಣಯಿಸಲಾಗದು. ಸ್ಕ್ಯಾನ್ ಮಾಡಿಸಿ ಹೇಳುತ್ತೇವೆ ಎನ್ನುವವರಿಂದ ಓದುಗರು ದೂರವಿರುವುದು ಲೇಸು. ಆ ಪ್ರಯೋಗದ ಇನ್ನೊಂದು ಅಂಶ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಆ ವಯಸ್ಕರು ಇದೇ ನ್ಯೂನತೆಯ ಮಕ್ಕಳ ತಂದೆತಾಯಿಯರಾಗಿದ್ದರು. ಅವಳಿಗಳ ಅಧ್ಯಯನಗಳ ಪ್ರಕಾರ ಇದರ ಆನುವಂಶಿಕತೆ ಶೇಕಡಾ 74ರ ಆಸುಪಾಸಿನಲ್ಲಿದೆ. ಇಂದು ಎಷ್ಟೋ ಮಹಿಳೆಯರು ತಮ್ಮನ್ನು ಗುರುತಿಸಿಕೊಳ್ಳುವುದು ಮಗನನ್ನೋ ಮೊಮ್ಮಗಳನ್ನೋ ವೈದ್ಯರ ಬಳಿಗೆ ಕರೆದೊಯ್ದಾಗ. ವೈದ್ಯರು ಮಗುವಿನ ಬಗ್ಗೆ ಕೇಳುವ ಒಂದೊಂದು ಪ್ರಶ್ನೆಗೂ ಅಜ್ಜಿಯ ಒಳಗಿನಿಂದ ಉತ್ತರ ಬರುತ್ತದೆ.

ಎಡಿಂಗ್ಟನ್ನರ ಬಲೆ

ಖಭೌತವಿಜ್ಞಾನಿ ಆರ್ಥರ್ ಎಡಿಂಗ್ಟನ್ 1939ರ ಗ್ರಂಥದಲ್ಲಿ ಒಂದು ದೃಷ್ಟಾಂತ ಕೊಟ್ಟಿದ್ದಾರೆ. ಎರಡು ಅಂಗುಲ ಕಣ್ಣಿನ ಬಲೆ ಬೀಸಿದ ಒಬ್ಬ ಸಂಶೋಧಕ ಸಿಕ್ಕ ಮೀನುಗಳನ್ನೆಲ್ಲ ಅಳೆದು, ಸಮುದ್ರದಲ್ಲಿ ಎರಡು ಅಂಗುಲಕ್ಕಿಂತ ಚಿಕ್ಕ ಮೀನೇ ಇಲ್ಲ ಎಂಬ ನಿಯಮ ಸಾರುತ್ತಾನೆ. ಕಾಳಿ ನದಿಯಲ್ಲಿ ಮೀನು ಹಿಡಿಯುವವರು ಕೇಳಿದರೆ ನಕ್ಕುಬಿಡುತ್ತಾರೆ. ಗಮನ ಕೊರತೆಯ ಇತಿಹಾಸದಲ್ಲಿ ಆದದ್ದು ಇದೇ. ಬಲೆ ಎಂದರೆ ಶಾಲೆಯ ಮೇಷ್ಟ್ರ ದೂರು. ದೂರು ಬರುವುದು ತರಗತಿಯನ್ನು ಕೆಡಿಸುವ ಹುಡುಗನ ಮೇಲೆ. ಆಸ್ಪತ್ರೆಗೆ ಬಂದವರು ಅವರೇ, ಸಂಶೋಧನೆಗೆ ಸಿಕ್ಕವರು ಅವರೇ, ಲಕ್ಷಣಗಳ ಪಟ್ಟಿ ತಯಾರಾದದ್ದು ಅವರಿಂದಲೇ, ಮುಂದಿನ ಮಕ್ಕಳನ್ನು ಅಳೆದದ್ದು ಅದೇ ಪಟ್ಟಿಯಿಂದ. 1994ರ ಕೈಪಿಡಿ ಗಂಡು-ಹೆಣ್ಣಿನ ಅನುಪಾತವನ್ನು ಸಂದರ್ಭಕ್ಕೆ ತಕ್ಕಂತೆ 4:1ರಿಂದ 9:1 ಎಂದಿತು. 2013ರ ಕೈಪಿಡಿಯಲ್ಲಿ ಮಕ್ಕಳಲ್ಲಿ 2:1, ವಯಸ್ಕರಲ್ಲಿ 1.6:1. ಇಪ್ಪತ್ತು ವರ್ಷಗಳಲ್ಲಿ ಮನುಷ್ಯರ ಮಿದುಳು ಬದಲಾಗಿಲ್ಲ. ಬಲೆಯ ಕಣ್ಣು ಬದಲಾಯಿತು.

ಬದಲಾಯಿಸಿದವರಲ್ಲಿ ಈ ನ್ಯೂನತೆ ಇದ್ದ ಮಹಿಳೆಯರೇ ಮುಂದಾಗಿದ್ದರು. 1993ರಲ್ಲಿ ಕೇಟ್ ಕೆಲ್ಲಿ ಮತ್ತು ಪೆಗಿ ರಮುಂಡೊ ವಯಸ್ಕರಿಗಾಗಿ ಬರೆದ ಪುಸ್ತಕ, 1995ರಲ್ಲಿ ಚಿಕಿತ್ಸಕಿ ಸಾರಿ ಸೋಲ್ಡನ್ ಮಹಿಳೆಯರಿಗಾಗಿಯೇ ಬರೆದ ಪುಸ್ತಕ ಅಮೆರಿಕದಲ್ಲಿ ಚರ್ಚೆ ಹುಟ್ಟಿಸಿದವು. 1997ರಿಂದ ಬರ್ಕ್‌ಲಿಯ ಸ್ಟೀಫನ್ ಹಿನ್‌ಶಾ 140 ಹುಡುಗಿಯರನ್ನೂ ಹೋಲಿಕೆಗಾಗಿ ಇನ್ನು 88 ಹುಡುಗಿಯರನ್ನೂ ಆಯ್ದು ದೀರ್ಘಕಾಲದ ಅಧ್ಯಯನ ಆರಂಭಿಸಿದರು. ಅವರು ಯುವತಿಯರಾದಾಗ ಕಂಡದ್ದು ಗಂಭೀರವಾಗಿತ್ತು. ಓಡಾಟದ ಲಕ್ಷಣ ಕಡಿಮೆಯಾದವರಲ್ಲೂ ದೈನಂದಿನ ತೊಡಕುಗಳು ಉಳಿದಿದ್ದವು; ಬಾಲ್ಯದಲ್ಲಿ ಆವೇಗ ಹೆಚ್ಚಿದ್ದವರಲ್ಲಿ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಪ್ರಯತ್ನಗಳು ಇತರರಿಗಿಂತ ಹೆಚ್ಚಿದ್ದವು. 'ಹುಡುಗಿಯರಲ್ಲಿ ಸೌಮ್ಯ ರೂಪ' ಎಂಬ ಸಮಾಧಾನದ ಮಾತು ಅಲ್ಲಿಗೆ ನಿಲ್ಲಬೇಕಿತ್ತು.

ಸಾವಿರಕ್ಕೆ ಇಪ್ಪತ್ತೆರಡು, ಎರಡು, ಒಂದು

ಹಿರಿಯರ ಬಗ್ಗೆ ಅಂಕಿಗಳು ಬಂದದ್ದು ಇನ್ನೂ ತಡವಾಗಿ. ನೆದರ್ಲೆಂಡಿನಲ್ಲಿ 60ರಿಂದ 94 ವರ್ಷದವರ ನಡುವೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ, ಶೇಕಡಾ 2.8 ಮಂದಿಯಲ್ಲಿ ಎಡಿಎಚ್‌ಡಿ ಇರುವ ಅಂದಾಜು ಕೊಟ್ಟಿತು. 2020ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯೊಂದು 50 ದಾಟಿದವರ ಮೇಲಿನ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿತು. ಪ್ರಶ್ನಾವಳಿಯಿಂದ ಅಳೆದಾಗ ಶೇಕಡಾ 2.18, ವೈದ್ಯರ ದಾಖಲೆಯಲ್ಲಿ ರೋಗನಿರ್ಣಯ ಆದವರು ಶೇಕಡಾ 0.23, ಚಿಕಿತ್ಸೆ ಪಡೆಯುತ್ತಿರುವವರು ಶೇಕಡಾ 0.09. ಸಾವಿರ ಜನರ ಲೆಕ್ಕದಲ್ಲಿ ಸುಮಾರು 22, 2, 1. ಪ್ರಶ್ನಾವಳಿ ತುಸು ಹೆಚ್ಚು ಎಣಿಸಿರಬಹುದು. ಆದರೂ ಮೊದಲ ಎರಡು ಅಂಕಿಗಳ ನಡುವಿನ ಅಂತರ ಅಳತೆಯ ದೋಷವೆಂದು ತಳ್ಳಿಹಾಕುವಷ್ಟು ಚಿಕ್ಕದಲ್ಲ.

ಇವು ಹೆಚ್ಚಾಗಿ ಸಿರಿವಂತ ದೇಶಗಳ ಅಂಕಿಗಳು. ನಮ್ಮ ನಾಲ್ಕು ತಾಲ್ಲೂಕುಗಳಿಗೆ ಇವನ್ನು ಹಾಗೆಯೇ ಗುಣಿಸುವುದು ತರವಲ್ಲ. ಕರ್ನಾಟಕದಲ್ಲಿ ಮಕ್ಕಳ ಮನೋರೋಗಗಳ ದೊಡ್ಡ ಸಮೀಕ್ಷೆಯೊಂದು ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗಗಳ 2064 ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾಯಿತು. ಅದು ಒಳ್ಳೆಯ ಅಧ್ಯಯನ. ಅದರ ವಯೋಮಿತಿ 16 ವರ್ಷ.

ಮನೋವೈದ್ಯ ಸೇವೆಯ ಬಲೆಯೂ ನಮ್ಮಲ್ಲಿ ದೊಡ್ಡ ಕಣ್ಣಿನದೇ ಆಗಿತ್ತು. ಧಾರವಾಡದ ಮಾನಸಿಕ ಆಸ್ಪತ್ರೆ 19ನೆಯ ಶತಮಾನದ ನಡುಭಾಗದಲ್ಲಿ ಆರಂಭವಾದದ್ದು. ಇಂದು ಅದು ಡಿಮ್ಹಾನ್ಸ್. ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಹಳಿಯಾಳ, ಸೂಪಾ ಭಾಗಕ್ಕೂ ಆಡಳಿತದ ದೃಷ್ಟಿಯಿಂದ ಅದು ಹತ್ತಿರವಾಯಿತು. ಆ ಕಾಲದ ಅಂಥ ಆಸ್ಪತ್ರೆಗಳಿಗೆ ಹೋದವರು ಊರಿನ ಶಾಂತಿ ಕದಡಿದವರು. ಹಾಲು ಉಕ್ಕಿಸುವ ಸೊಸೆಯನ್ನು ಅಲ್ಲಿಗೆ ಒಯ್ಯುವ ಯೋಚನೆಯೇ ಯಾರಿಗೂ ಬರುವಂತಿರಲಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2014ರಲ್ಲಿ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ತರುವ ಏರ್ಪಾಡು ರೂಪಿಸಿತು. ಇವುಗಳ ಲಕ್ಷ್ಯ ಸಹಜವಾಗಿಯೇ ತೀವ್ರ ಕಾಯಿಲೆಗಳ ಕಡೆಗಿದೆ.

ಮುಳುಗಿದ ಊರಿನ ದಾಖಲೆ

ಈಗ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳೋಣ. 1963ರ ಸುಮಾರಿಗೆ ಹಳೆಯ ಸೂಪಾದ ಹತ್ತಿರ ಹುಟ್ಟಿದಾಕೆ. ನಾಲ್ಕನೆಯ ಇಯತ್ತೆಯವರೆಗೆ ಶಾಲೆ. ಮದುವೆಯಾಗಿ ದಾಂಡೇಲಿಗೆ ಬಂದಳು, ಗಂಡನಿಗೆ ಕಾಗದದ ಗಿರಣಿಯಲ್ಲಿ ಕೆಲಸ. ಈಗ ಅರವತ್ತು ದಾಟಿದೆ. ಆಕೆ ಧಾರವಾಡಕ್ಕೆ ಹೋಗಿ ಮನೋವೈದ್ಯರ ಮುಂದೆ ಕುಳಿತಳು ಎಂದರೆ ಮೊದಲ ತೊಡಕು ಎದುರಾಗುತ್ತದೆ: ಹನ್ನೆರಡು ವರ್ಷದೊಳಗೆ ಈ ಲಕ್ಷಣಗಳಿದ್ದವು ಎಂಬುದಕ್ಕೆ ಆಧಾರವೇನು?

ಪಶ್ಚಿಮದ ಮಹಿಳೆ ಹಳೆಯ ಪ್ರಗತಿಪತ್ರ ಹುಡುಕುತ್ತಾಳೆ. "ಬುದ್ಧಿ ಇದೆ, ಲಕ್ಷ್ಯ ಕೊಡುವುದಿಲ್ಲ" ಎಂದು ಶಿಕ್ಷಕಿ ಬರೆದ ಒಂದು ಸಾಲು ಅಲ್ಲಿ ಸಾಕ್ಷಿಯಾಗುತ್ತದೆ. ನಮ್ಮ ಮಹಿಳೆಯ ಊರೇ ನೀರಿನಡಿ ಇದೆ. ಗಣೇಶಗುಡಿಯಲ್ಲಿ ಕಾಳಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟೆಯಿಂದ 1980ರ ದಶಕದಲ್ಲಿ ಸೂಪಾ ಪಟ್ಟಣ ಮುಳುಗಿತು, ತಾಲ್ಲೂಕಿನ ಕೇಂದ್ರ ಜೊಯಿಡಾ ಆಯಿತು, ಅನೇಕ ಕುಟುಂಬಗಳು ರಾಮನಗರಕ್ಕೆ ಹೋದವು. ಹೇಳಬಲ್ಲ ಆಯಿ ತೀರಿಕೊಂಡು ವರ್ಷಗಳಾಗಿವೆ. ಶಾಲೆ ಬಿಟ್ಟದ್ದೇಕೆ ಎಂದರೆ 'ಹೆಣ್ಣು ಹುಡುಗಿ, ಓದು ಹತ್ತಲಿಲ್ಲ' ಎಂಬುದೇ ಉತ್ತರ. ಓದು ಹತ್ತಲಿಲ್ಲವೆ, ಹತ್ತಿಸಲಿಲ್ಲವೆ, ಗಮನ ನಿಲ್ಲಲಿಲ್ಲವೆ ಎಂದು ಯಾರೂ ಬಿಡಿಸಿ ನೋಡಿಲ್ಲ.

ಪ್ರಶ್ನಾವಳಿಯ ತೊಡಕು ಬೇರೆ. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಬಂದ ವಯಸ್ಕರ ಸ್ವಪರೀಕ್ಷೆಯಲ್ಲಿ 18 ಪ್ರಶ್ನೆಗಳಿವೆ. ಕೈಗೆತ್ತಿಕೊಂಡ ಪ್ರಾಜೆಕ್ಟಿನ ಕೊನೆಯ ವಿವರಗಳನ್ನು ಮುಗಿಸುವುದು, ಗೊತ್ತುಪಡಿಸಿದ ಭೇಟಿಗಳನ್ನು ನೆನಪಿಡುವುದು, ಬಹಳ ಹೊತ್ತು ಕುಳಿತಾಗ ಚಡಪಡಿಸುವುದು, ಹೀಗೆ ಸಾಗುತ್ತವೆ. ಜೊಯಿಡಾದ ಕಾಡಂಚಿನಲ್ಲಿ ಗೆಡ್ಡೆಗೆಣಸು ಬೆಳೆಯುವ ಕುಣಬಿ ಮಹಿಳೆಗೆ, ಹಳಿಯಾಳದ ಸಿದ್ದಿ ಮಹಿಳೆಗೆ, 1966ರಲ್ಲಿ ನೆಲೆಗೊಂಡ ಮುಂಡಗೋಡದ ಟಿಬೆಟನ್ ಶಿಬಿರದ ಅಜ್ಜಿಗೆ ಈ ಪ್ರಶ್ನೆಗಳು ಏನು ಹೇಳುತ್ತವೆ? ಇಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು, ಟಿಬೆಟನ್ ಎಲ್ಲವೂ ಮನೆಮಾತುಗಳು. ಭಾಷಾಂತರ ಮಾಡಿದರೆ ಸಾಲದು, ಪ್ರಶ್ನೆಯನ್ನು ಅಡುಗೆಮನೆಗೂ ಗದ್ದೆಗೂ ಸಂತೆಗೂ ತರಬೇಕು. ಒಲೆಯ ಮೇಲೆ ಅನ್ನ ಇಟ್ಟು ಹಿತ್ತಲಿಗೆ ಹೋದವಳು ಅಲ್ಲಿ ಕಳೆ ಕೀಳಲು ಕುಳಿತು ಅನ್ನ ಸೀಯುವುದು ವಾರಕ್ಕೆಷ್ಟು ಸಲ? ಸಂತೆಗೆ ಹೋಗಿ ಮುಖ್ಯ ಸಾಮಾನನ್ನೇ ಬಿಟ್ಟು ಬರುವುದು? ಇನ್ನೊಬ್ಬರ ಮಾತು ಮುಗಿಯುವ ಮೊದಲೇ ಬಾಯಿ ಹಾಕಿ ಬೈಸಿಕೊಳ್ಳುವುದು? ಅಕ್ಕನೋ ಅಣ್ಣನೋ ಬದುಕಿದ್ದರೆ ಅವರ ನೆನಪುಗಳು ಪ್ರಗತಿಪತ್ರಕ್ಕೆ ಸಮ. ದನ ಕಾಯಲು ಕಳಿಸಿದರೆ ದನ ಬಿಟ್ಟು ಬಂದ ಕತೆ, ನೀರಿಗೆ ಹೋದವಳು ಕೊಡ ಮರೆತ ಕತೆ ಪ್ರತಿ ಮನೆಯಲ್ಲೂ ಹಾಸ್ಯವಾಗಿ ಉಳಿದಿರುತ್ತದೆ. ಆ ಹಾಸ್ಯ ಒಳ್ಳೆಯ ದಾಖಲೆ.

ಅರವತ್ತರಲ್ಲೇ ಏಕೆ?

ಹುಟ್ಟಿನಿಂದ ಇದ್ದದ್ದು ಐವತ್ತು, ಅರವತ್ತರಲ್ಲಿ ಏಕೆ ದುಸ್ತರವಾಗುತ್ತದೆ? ಒಂದು ಕಾರಣ ದೇಹದ್ದು. ಈಸ್ಟ್ರೊಜೆನ್ ಹಾರ್ಮೋನು ಡೋಪಮೈನ್ ವ್ಯವಸ್ಥೆಗೆ ಬೆಂಬಲ ಕೊಡುತ್ತದೆ; ಮುಟ್ಟು ನಿಲ್ಲುವ ಕಾಲದಲ್ಲಿ ಅದು ಇಳಿದಾಗ, ಈ ನ್ಯೂನತೆ ಇಲ್ಲದವರಿಗೂ ಮನಸ್ಸು ಮಂಜು ಕವಿದಂತಾಗುತ್ತದೆ. ಮೊದಲೇ ಅಂಚಿನಲ್ಲಿದ್ದವರು ಅಂಚು ದಾಟುತ್ತಾರೆ. ಈ ವಿಷಯದ ಸಂಶೋಧನೆ ಇನ್ನೂ ಎಳೆಯದು.

ಇನ್ನೊಂದು ಕಾರಣ ಮನೆಯದು, ನನ್ನ ಅಭಿಪ್ರಾಯದಲ್ಲಿ ಇದೇ ದೊಡ್ಡದು. ತುಂಬಿದ ಮನೆಯಲ್ಲಿ ಗಡಿಯಾರ ಹೊರಗಿರುತ್ತದೆ. ಅತ್ತೆ ನಸುಕಿನಲ್ಲಿ ಎಬ್ಬಿಸುತ್ತಾರೆ, ಗಂಡ ಗಿರಣಿಯ ಶಿಫ್ಟಿಗೆ ಹೊರಡುವ ಹೊತ್ತಿಗೆ ಡಬ್ಬಿ ಸಿದ್ಧವಾಗಬೇಕು, ಮಕ್ಕಳ ಶಾಲೆಯ ಗಂಟೆ, ಎಮ್ಮೆ ಹಿಂಡುವ ಹೊತ್ತು. ಆಕೆ ಬೈಸಿಕೊಳ್ಳುತ್ತಲೇ ಆದರೂ ದಿನ ಸಾಗಿಸುತ್ತಾಳೆ. ಅತ್ತೆ ತೀರಿಕೊಂಡು, ಗಂಡ ನಿವೃತ್ತರಾಗಿ, ಮಕ್ಕಳು ಪುಣೆಗೋ ಗೋವಾಕ್ಕೋ ಬೆಂಗಳೂರಿಗೋ ಹೋದ ಮೇಲೆ ಕಂಬಗಳೆಲ್ಲ ಒಂದೊಂದಾಗಿ ಕಳಚುತ್ತವೆ. ಅದೇ ಹೊತ್ತಿಗೆ ಬ್ಯಾಂಕಿನ ಎಟಿಎಂ, ಪಿಂಚಣಿಯ ಕಾಗದ, ಬಿಪಿ ಮಾತ್ರೆಯ ಹೊತ್ತು ಎಂಬ ಹೊಸ ಹೊಣೆಗಳು ಬರುತ್ತವೆ. ಎಲ್ಲರೂ ಅನ್ನುವುದು ಒಂದೇ: ಅರಳು ಮರಳು.

ಇಲ್ಲಿ ಎಚ್ಚರಿಕೆ ಬೇಕು. ಮರೆವೆಲ್ಲ ಎಡಿಎಚ್‌ಡಿಯಲ್ಲ. ಕೇಳಬೇಕಾದ ಮೊದಲ ಪ್ರಶ್ನೆ, ಇದು ಹೊಸದೇ ಹಳೆಯದೇ ಎಂಬುದು. ಮೊನ್ನೆ ಮೊನ್ನೆಯವರೆಗೆ ಅಚ್ಚುಕಟ್ಟಾಗಿದ್ದವರಲ್ಲಿ ಎರಡು ಮೂರು ವರ್ಷಗಳಿಂದ ಹೆಚ್ಚುತ್ತ ಬಂದ ಮರೆವು, ಗೊತ್ತಿದ್ದ ದಾರಿ ತಪ್ಪುವುದು, ಹೇಳಿದ್ದನ್ನೇ ಹೇಳುವುದು ಡಿಮೆನ್ಷಿಯಾದ ಕಡೆ ಬೆರಳು ತೋರಿಸುತ್ತವೆ. ಎಡಿಎಚ್‌ಡಿ ಇದ್ದಾಕೆ ಕೀಲಿಕೈ ಎಲ್ಲಿಟ್ಟೆ ಎಂದು ಮರೆಯುವುದು ಇಡುವಾಗ ಗಮನವೇ ಇರಲಿಲ್ಲವೆಂದು. ಮತ್ತು ಅದನ್ನು ಆಕೆ ನಲವತ್ತು ವರ್ಷಗಳಿಂದ ಮಾಡುತ್ತಿದ್ದಾಳೆ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಜೀವಸತ್ವದ ಅಭಾವ, ಗೊರಕೆಯೊಂದಿಗೆ ಉಸಿರು ಕಟ್ಟುವ ನಿದ್ರೆ, ಕಿವಿಮಂದ, ಖಿನ್ನತೆ ಇವೆಲ್ಲವೂ ಗಮನವನ್ನು ಕೆಡಿಸುತ್ತವೆ. ಇವುಗಳಲ್ಲಿ ಹಲವನ್ನು ಸಾಮಾನ್ಯ ರಕ್ತಪರೀಕ್ಷೆಯಿಂದ ಹಿಡಿಯಬಹುದು, ಸುಲಭವಾಗಿ ಸರಿಪಡಿಸಬಹುದು. ಎರಡು ಸ್ಥಿತಿಗಳು ಒಬ್ಬರಲ್ಲೇ ಇರುವುದೂ ಉಂಟು. ಇಸ್ರೇಲಿನಲ್ಲಿ 1 ಲಕ್ಷ 9 ಸಾವಿರ ಜನರನ್ನು 17 ವರ್ಷ ಗಮನಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಕ ಎಡಿಎಚ್‌ಡಿ ಇದ್ದವರಿಗೆ ಡಿಮೆನ್ಷಿಯಾ ಹೆಚ್ಚಾಗಿ ಕಂಡಿತು. ಒಂದು ಇನ್ನೊಂದಕ್ಕೆ ಕಾರಣವೆಂದು ಅದರಿಂದ ಸಿದ್ಧವಾಗುವುದಿಲ್ಲ. ಹೆದರಬೇಕಾಗಿಲ್ಲ, ತಪಾಸಣೆ ಮುಂದೂಡಬಾರದು ಅಷ್ಟೆ.

ಗುರುತಿಸಿದ ಮೇಲೆ

ಔಷಧಿ ಹಿರಿಯರಿಗೂ ಉಪಯುಕ್ತವಾಗಬಹುದು. ಆದರೆ 65 ದಾಟಿದವರ ಮೇಲಿನ ಪ್ರಯೋಗಗಳು ತೀರ ಕಡಿಮೆ. ಮೀಥೈಲ್‌ಫೆನಿಡೇಟ್ ರಕ್ತದೊತ್ತಡವನ್ನೂ ನಾಡಿಬಡಿತವನ್ನೂ ಏರಿಸುವುದರಿಂದ ಹೃದಯ ತಪಾಸಣೆ ಮೊದಲು. ನಮ್ಮಲ್ಲಿ ಅದು 1985ರ ಮಾದಕವಸ್ತು ಕಾಯಿದೆಯ ಹತೋಟಿಯಲ್ಲಿದೆ. ವೈದ್ಯರ ಚೀಟಿಯಿಲ್ಲದೆ ಸಿಗುವುದಿಲ್ಲ, ಸಿಗಲೂಬಾರದು. ಉತ್ತೇಜಕವಲ್ಲದ ಆಟೊಮೊಕ್ಸೆಟಿನ್ ಎಂಬ ಇನ್ನೊಂದು ಔಷಧಿಯೂ ಇದೆ. ಔಷಧಿಯಿಲ್ಲದ ಕ್ರಮಗಳಲ್ಲಿ, ನ್ಯೂಯಾರ್ಕಿನಲ್ಲಿ ಮೇರಿ ಸೊಲಾಂಟೊ 88 ವಯಸ್ಕರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗ ಮುಖ್ಯವಾದುದು. ಹನ್ನೆರಡು ವಾರ ಗುಂಪಿನಲ್ಲಿ ಸಮಯವನ್ನು ಭಾಗ ಮಾಡುವುದು, ದೊಡ್ಡ ಕೆಲಸವನ್ನು ತುಂಡು ಮಾಡುವುದು, ಮರೆಯದಂತೆ ಗುರುತು ಇಡುವುದನ್ನು ಕಲಿಸಿದಾಗ ಬರೀ ಸಾಂತ್ವನಕ್ಕಿಂತ ಹೆಚ್ಚು ಫಲ ಸಿಕ್ಕಿತು. ಸಾರಾಂಶದಲ್ಲಿ ಇದು ಕಳಚಿದ ಕಂಬಗಳನ್ನು ಮತ್ತೆ ನೆಡುವ ಕೆಲಸ. ಬಾಗಿಲ ಪಕ್ಕದಲ್ಲಿ ಕೀಲಿಗೊಂದೇ ಮೊಳೆ, ಕುಕ್ಕರಿನ ಜೊತೆಗೆ ಮೊಬೈಲಿನ ಅಲಾರಂ, ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು, ಓದು ಬಾರದವರಿಗೆ ಮಾತ್ರೆಯ ಡಬ್ಬಿಯ ಮೇಲೆ ಸೂರ್ಯ ಚಂದ್ರರ ಚಿತ್ರ.

ಕೆಲವರಿಗೆ ಹಿನ್ನೆಲೆಯ ಸದ್ದು ಸಹಾಯ ಮಾಡುತ್ತದೆ. ಇದು ಭೌತವಿಜ್ಞಾನಕ್ಕೆ ಪರಿಚಿತವಾದ ವಿದ್ಯಮಾನ: ದುರ್ಬಲ ಸಂಕೇತಕ್ಕೆ ಹಿತಮಿತವಾದ ಗದ್ದಲ ಸೇರಿಸಿದರೆ ಅದು ಪತ್ತೆಯ ಹೊಸ್ತಿಲನ್ನು ದಾಟುತ್ತದೆ. ಸ್ವೀಡನ್ನಿನ ಯೋರಾನ್ ಸೋಡರ್‌ಲುಂಡ್ ಮತ್ತು ಸಂಗಡಿಗರು 2007ರಲ್ಲಿ ಗಮನ ಕೊರತೆಯ ಮಕ್ಕಳಲ್ಲಿ ಬಿಳಿ ಸದ್ದಿನಿಂದ ಕಲಿಕೆ ಸುಧಾರಿಸಿದ್ದನ್ನು ವರದಿ ಮಾಡಿ ಇದೇ ತತ್ತ್ವದಿಂದ ವಿವರಿಸಿದರು. ಪರಿಣಾಮ ಚಿಕ್ಕದೆಂದು ಮುಂದೆ ತಿಳಿದುಬಂತು. ಆದರೂ ಧಾರವಾಡ ಆಕಾಶವಾಣಿಯನ್ನು ದಿನವಿಡೀ ಹಚ್ಚಿಟ್ಟು ಅಡುಗೆ ಮಾಡುವ ಅಜ್ಜಿಗೆ "ಅದನ್ನ ಬಂದ್ ಮಾಡಿ ಲಕ್ಷ್ಯ ಕೊಡು" ಎನ್ನುವ ಮೊದಲು ಯೋಚಿಸಬಹುದು.

ಧ್ಯಾನದ ಮಾತು ಬಂದೇ ಬರುತ್ತದೆ, ಅದರಲ್ಲೂ ಮುಂಡಗೋಡದಲ್ಲಿ. 2013ರ ಜನವರಿಯಲ್ಲಿ ಅಲ್ಲಿಯ ಡ್ರೆಪುಂಗ್ ಮಠದಲ್ಲಿ ದಲೈ ಲಾಮಾ ಅವರೊಂದಿಗೆ ಭೌತವಿಜ್ಞಾನಿಗಳೂ ನರವಿಜ್ಞಾನಿಗಳೂ ಸಾವಿರಾರು ಭಿಕ್ಷುಗಳ ಮುಂದೆ ಮನಸ್ಸು, ಮಿದುಳು, ದ್ರವ್ಯಗಳ ಬಗ್ಗೆ ಹಲವು ದಿನ ಚರ್ಚಿಸಿದರು. ಗಮನವನ್ನು ಅಭ್ಯಾಸದಿಂದ ಪಳಗಿಸಬಹುದು ಎಂಬುದು ಆ ಪರಂಪರೆಯ ನಂಬಿಕೆ. ವೈದ್ಯಕೀಯ ಸಾಕ್ಷ್ಯ ಇನ್ನೂ ಸಾಧಾರಣ ಪ್ರಮಾಣದ್ದು. 2008ರಲ್ಲಿ ಲಾಸ್ ಏಂಜಲೀಸಿನಲ್ಲಿ 24 ವಯಸ್ಕರು ಮತ್ತು 8 ಹದಿಹರೆಯದವರೊಂದಿಗೆ ಎಂಟು ವಾರ ನಡೆದ ಪ್ರಾಥಮಿಕ ಪ್ರಯೋಗ ಆಶಾದಾಯಕವಾಗಿತ್ತು. ಆದರೆ ಸುಮ್ಮನೆ ಕೂರಲಾರದವರಿಗೆ ಒಂದು ಗಂಟೆ ಸುಮ್ಮನೆ ಕೂರು ಎನ್ನುವುದು ಕುಂಟನಿಗೆ ಓಡು ಎಂದಂತೆ. ಆ ಪ್ರಯೋಗದಲ್ಲಿ ಐದು ನಿಮಿಷದಿಂದ ಆರಂಭಿಸಿದ್ದರು, ನಡೆಯುತ್ತ ಮಾಡುವ ಅಭ್ಯಾಸಕ್ಕೂ ಅವಕಾಶವಿತ್ತು.

ಕಾನೂನಿನ ಮಟ್ಟದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ನ್ಯೂನತೆಗಳ ಪಟ್ಟಿಯಿದೆ, ಕಲಿಕೆಯ ನಿರ್ದಿಷ್ಟ ನ್ಯೂನತೆ ಅದರಲ್ಲಿದೆ, ಎಡಿಎಚ್‌ಡಿ ಹೆಸರಿನಿಂದ ಇಲ್ಲ. ಸಲಹೆಗೆ ಮಾತ್ರ ದಾರಿ ಹಿಂದಿಗಿಂತ ಸುಲಭವಾಗಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಜೊಯಿಡಾದಿಂದ ಘಟ್ಟ ಇಳಿದು ಕಾರವಾರಕ್ಕೋ, ಹಳಿಯಾಳ ದಾಟಿ ಧಾರವಾಡಕ್ಕೋ ಹೋಗುವ ಮುನ್ನ ಒಮ್ಮೆ ಇಲ್ಲಿ ವಿಚಾರಿಸಬಹುದು. ಆಸ್ಪತ್ರೆಗೆ ಹೊರಟಾಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಳ್ಳಿ, ಇತ್ತೀಚಿನ ಥೈರಾಯ್ಡ್ ಮತ್ತು ರಕ್ತಪರೀಕ್ಷೆಯ ಕಾಗದ ಇಟ್ಟುಕೊಳ್ಳಿ. ಸಾಧ್ಯವಾದರೆ ಅಕ್ಕನನ್ನೋ ಅಣ್ಣನನ್ನೋ ಜೊತೆಗೆ ಕರೆದೊಯ್ಯಿರಿ, ಕೊಡ ಮರೆತ ಕತೆಯನ್ನು ವೈದ್ಯರ ಮುಂದೆ ಅವರೇ ಹೇಳಲಿ.